ನೇತ್ರಾಣಿಯ ಪಾಲಿನ ಸಮುದ್ರ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಊಟದ ಎಲೆಯ ಮುಂದೆಯೂ ನನ್ನ ಒಂದು ಕಾಲು ಏಳುವುದಕ್ಕೆ ತಯಾರಾಗಿರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಇಂಥವನು ಬೆಳಗಿನಿಂದ ಸಂಜೆಯ ತನಕ ಕೋರ್ಟಿನ ಬೆಂಚಿಗೆ ಅಂಟಿಕೊಂಡಿರಬೇಕಾದ ವಕೀಲಿಯನ್ನೇ ಯಾಕೆ ಹಿಡಿದೆನೋ, ಈಗಲೂ ತಿಳಿಯದು. ನಾನು ಕಾನೂನು ಓದಲು ಘಟ್ಟ ಹತ್ತುವಾಗ ನಮ್ಮ ಜಿಲ್ಲೆ ಬೊಂಬಾಯಿ ರಾಜ್ಯದಲ್ಲಿತ್ತು. ಓದು ಮುಗಿಸಿ ಇಳಿಯುವಾಗ ಮೈಸೂರು ರಾಜ್ಯದಲ್ಲಿತ್ತು. ಕುಮಟೆಯ ನಮ್ಮ ಮನೆ, ಬಾವಿ, ಬಾವಿಕಟ್ಟೆಯ ಮೇಲಿನ ಹಾವಸೆ ಎಲ್ಲ ಮೊದಲಿನಂತೆಯೇ ಇದ್ದವು. ಅರ್ಜಿಯ ತಲೆಯ ಮೇಲೆ ಬರೆಯುವ ರಾಜ್ಯದ ಹೆಸರು ಮಾತ್ರ ಬೇರೆಯಾಗಿತ್ತು. ಗೆರೆ ಎಳೆಯುವವರ ಮೇಲೆ ನನಗೆ ಅನುಮಾನ ಹುಟ್ಟಿದ್ದು ಆಗಲೇ ಇರಬೇಕು.

ಕಾಲೇಜಿನಲ್ಲಿ ದೇಶದೇಶಗಳ ನಡುವಿನ ಕಾಯಿದೆ ಎಂಬ ವಿಷಯವನ್ನು ಆರಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಉಳಿದವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಆರಿಸಿಕೊಂಡೆ, ಯಾಕೆಂದರೆ ಅದರಲ್ಲಿ ಸಮುದ್ರ ಇತ್ತು. ಘಟ್ಟದ ಮೇಲಿನ ಆ ಒಣ ಊರಿನಲ್ಲಿ ಕಪ್ಪು ಹಲಗೆಯ ಮೇಲೆ ಮೇಷ್ಟರು ಸುಣ್ಣದ ಕಡ್ಡಿಯಿಂದ ಒಂದು ಕರಾವಳಿ ಬರೆದರೂ ನನಗೆ ಉಪ್ಪಿನ ವಾಸನೆ ಬಂದಂತಾಗುತ್ತಿತ್ತು. ಒಂದು ದೇಶದ ಸಮುದ್ರವನ್ನು ಅಳೆಯುವುದು ಇಳಿತದ ಗೆರೆಯಿಂದ ಎಂದು ಅವರು ಹೇಳಿದರು. ನೀರು ಹಿಂದೆ ಸರಿದು ಎಲ್ಲಿಯ ತನಕ ಮರಳು ತೋರಿಸುತ್ತದೋ ಅಲ್ಲಿಂದ. ಹೊಳೆ ಸಮುದ್ರ ಸೇರುವಲ್ಲಿ ಈ ದಡದಿಂದ ಆ ದಡಕ್ಕೆ ಒಂದು ನೇರ ಗೆರೆ. ಎದುರುಬದುರು ಕೂತ ಎರಡು ದೇಶಗಳ ನಡುವೆ ಸಮುದ್ರ ಕಿರಿದಾದರೆ ಇಬ್ಬರಿಗೂ ಸಮದೂರದ ನಡುಗೆರೆ, ಅದೂ ಅವರು ಬೇರೆ ಮಾತಾಡಿಕೊಳ್ಳದಿದ್ದರೆ. ಒಂದು ಕಾಲದಲ್ಲಿ ದಡದಿಂದ ಹಾರಿಸಿದ ತೋಪಿನ ಗುಂಡು ಬೀಳುವಷ್ಟು ದೂರ ನಮ್ಮದು ಎಂದು ಲೆಕ್ಕ ಇತ್ತಂತೆ, ಅದಕ್ಕೆ ಮೂರು ಮೈಲು ಎಂದು ಹೆಸರು. ಆಮೇಲೆ ನಮ್ಮ ಸರ್ಕಾರ ಆರು ಎಂದಿತು. ಆರರಾಚೆ ಹನ್ನೆರಡರ ತನಕ ಸುಂಕದವರು ದೋಣಿ ನಿಲ್ಲಿಸಿ ನೋಡಬಹುದು ಎಂದಿತು. ಜಿನೀವಾದಲ್ಲಿ ದೇಶಗಳೆಲ್ಲ ಸಭೆ ಕೂಡಿ, ಎಲ್ಲಿಂದ ಅಳೆಯಬೇಕು ಎಂಬುದನ್ನು ಬರೆದಿಟ್ಟು, ಎಷ್ಟು ಅಳೆಯಬೇಕು ಎಂಬುದನ್ನು ತೀರ್ಮಾನಿಸಲಾಗದೆ ಎದ್ದುಹೋದ ಸುದ್ದಿ ನಾನು ಊರಿಗೆ ಬಂದ ಮೇಲೆ ಓದಿದೆ. ಓದಿ ಒಬ್ಬನೇ ನಕ್ಕೆ. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯೂ ಹೀಗೇ ಮುಗಿಯುತ್ತಿತ್ತು.

ಇನ್ನೊಂದು ಮಾತನ್ನೂ ಮೇಷ್ಟರು ಹೇಳಿದ್ದರು. ಉಬ್ಬರದಲ್ಲೂ ನೀರಿನ ಮೇಲೆ ತಲೆ ಎತ್ತಿ ನಿಂತ ನೆಲ ಎಷ್ಟೇ ಚಿಕ್ಕದಿರಲಿ, ಅದು ದ್ವೀಪ. ಅದಕ್ಕೂ ತನ್ನ ಸುತ್ತ ತನ್ನ ಪಾಲಿನ ಸಮುದ್ರ ಇದೆ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ನೇತ್ರಾಣಿ. ಭಟ್ಕಳದ ಕಡೆ ಕಡಲ ದಂಡೆಯಲ್ಲಿ ನಿಂತರೆ ಪಡುವಣದಲ್ಲಿ ದೂರಕ್ಕೆ ಗುಡ್ಡದ ತುಂಡಿನಂತೆ ಕಾಣುವ ಆ ದ್ವೀಪದಲ್ಲಿ ಮನುಷ್ಯರಿಲ್ಲ. ಪಾರಿವಾಳಗಳಿವೆ, ಜಟಗ ಎಂಬ ದೈವದ ಕಲ್ಲಿದೆ, ಹರಕೆ ಹೊತ್ತವರು ಬಿಟ್ಟುಬಂದ ಆಡುಗಳಿವೆ. ಆ ಆಡುಗಳಿಗೂ ಒಂದು ಸಮುದ್ರ ಇದೆಯಲ್ಲ ಎಂದು ಗೆಳೆಯರಿಗೆ ಹೇಳಿದ್ದೆ. ಅವರಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ.

ಊರಿಗೆ ಬಂದು ಕುಮಟೆಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿಕೊಂಡೆ. ಅವರು ನನ್ನ ತದ್ವಿರುದ್ಧ. ಬೆಳಿಗ್ಗೆ ಎಲೆಯಡಿಕೆಯ ಕವಳ ಹಾಕಿಕೊಂಡು ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ನಾನು ಕಟ್ಟುಗಳನ್ನು ಹಿಡಿದುಕೊಂಡು ಒಳಗೂ ಹೊರಗೂ ಸುತ್ತುವುದನ್ನು ನೋಡಿ, "ತಮಾ, ಆ ನೆಲ ಸವೆದ್ರೆ ಬಾಡಿಗೆ ಮನೆ ಮಾಲೀಕಂಗೆ ಯಾರು ಉತ್ತರ ಕೊಡದು?" ಎನ್ನುತ್ತಿದ್ದರು. ಸಂಜೆ ನಾನು ಸಮುದ್ರದ ಕಡೆ ಹೋಗಿ ಇಳಿತದ ಗೆರೆಯ ಗುಂಟ ನಡೆಯುತ್ತಿದ್ದೆ. ಆ ಗೆರೆ ಅಮಾವಾಸ್ಯೆಗೆ ಒಂದು ಕಡೆ, ಅಷ್ಟಮಿಗೆ ಒಂದು ಕಡೆ. ದೇಶ ಶುರುವಾಗುವ ಜಾಗವೇ ದಿನಕ್ಕೊಂದು ಕಡೆ ಇರುತ್ತದಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿ. ಬಜಾರಿನಲ್ಲಿ ನನಗೆ ಸಮುದ್ರಕ್ಕೆ ಬೇಲಿ ಕಟ್ಟುವ ವಕೀಲ ಎಂದು ಹೆಸರು ಬಿತ್ತು.

ಅರವತ್ತರ ದಶಕದ ನಡುವೆ ಒಂದು ವರ್ಷ, ದೀಪಾವಳಿ ಕಳೆದ ಮೇಲೆ, ಭಟ್ಕಳದ ಒಬ್ಬ ತಾಂಡೇಲ ತನ್ನ ಹೆಂಡತಿಯೊಂದಿಗೆ ನಮ್ಮ ಕಚೇರಿಗೆ ಬಂದ. ತಾಂಡೇಲ ಎಂದರೆ ಮಚವೆ ಎಂಬ ಹಾಯಿಯ ಸರಕುದೋಣಿ ನಡೆಸುವವನು. ಹೊನ್ನಾವರದ ಕೋರ್ಟಿನಲ್ಲಿ ಅವನ ಮೇಲೆ ಕಳ್ಳಸಾಗಣೆಯ ಕೇಸು ನಡೆಯುತ್ತಿತ್ತು, ಜಾಮೀನಿನ ಮೇಲೆ ಹೊರಗಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಮಾತು ಕಡಿಮೆ. ಹೆಂಡತಿಯ ಸೊಂಟದ ಮೇಲೆ ವರ್ಷ ದಾಟಿದ ಹೆಣ್ಣು ಮಗು ಇತ್ತು. ಕತೆಯೆಲ್ಲ ಹೇಳಿದವಳು ಅವಳೇ.

ಅವರಿಗೆ ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಈ ಮಗು ಹುಟ್ಟಿದಾಗ ಅವಳು ನೇತ್ರಾಣಿಯ ಜಟಗನಿಗೆ ಹರಕೆ ಹೊತ್ತಳು: ಮಗು ನಾಲ್ಕು ಹೆಜ್ಜೆ ಇಟ್ಟರೆ ಒಂದು ಆಡು ದ್ವೀಪಕ್ಕೆ. ಆಡನ್ನು ಮನೆಯಲ್ಲೇ ಸಾಕಿದಳು. ಮಗು ಹೆಜ್ಜೆ ಇಟ್ಟಿತು. ಗಂಡ ಮಂಗಳೂರಿನಿಂದ ಹೆಂಚು ತುಂಬಿಕೊಂಡು ಬೊಂಬಾಯಿಗೆ ಹೊರಟವನು ಭಟ್ಕಳದಲ್ಲಿ ಆಡನ್ನು ಹತ್ತಿಸಿಕೊಂಡು, ನೇತ್ರಾಣಿಗೆ ಹೋಗಿ ಬಿಟ್ಟು, ಗಾಳಿ ಹಿಡಿಯಲು ಪಡುವಣಕ್ಕೆ ಇನ್ನಷ್ಟು ದೂರ ಹಾಯಿ ಬಿಟ್ಟಿದ್ದ. ಅಲ್ಲಿ ಸುಂಕದವರ ಲಾಂಚು ಅವನನ್ನು ನಿಲ್ಲಿಸಿತು. ಹೆಂಚಿನ ಅಡಿಯಲ್ಲಿ ವಿದೇಶಿ ಕೈಗಡಿಯಾರಗಳ ಗಂಟು ಸಿಕ್ಕಿತು. ಅದು ತನ್ನದಲ್ಲ ಎಂದು ಅವನೆಂದ. ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಕಣ್ಣು ನೋಡಿದರೆ ನಿಜ ಅನ್ನಿಸುತ್ತಿತ್ತು, ಗಂಟು ಕಟ್ಟಿದ ರೀತಿಯನ್ನು ಕಾಗದದಲ್ಲಿ ಓದಿದರೆ ಸುಳ್ಳು ಅನ್ನಿಸುತ್ತಿತ್ತು.

ಸುಂಕದವರ ಕಾಗದಗಳನ್ನು ಓದುತ್ತ ಓದುತ್ತ ನಾನು ಎದ್ದು ನಿಂತೆ. ಮಚವೆ ನೆಲದಿಂದ ಬಹಳ ದೂರ, ನಡುಸಮುದ್ರದಲ್ಲಿ, ಯಾವುದೋ ಪರದೇಶದ ಹಡಗಿಗಾಗಿ ಕಾಯುತ್ತ ನಿಂತಿತ್ತು ಎಂದು ಅವರ ವಾದ. ದೂರವನ್ನು ಭಟ್ಕಳದ ದೀಪಸ್ತಂಭದಿಂದ ಅಳೆದಿದ್ದರು. ಹನ್ನೆರಡರ ಹತ್ತಿರ ಎಂದು ಬರೆದಿದ್ದರೂ ಅವರೇ ಕೊಟ್ಟ ದಿಕ್ಕು, ಹೊತ್ತು, ವೇಗ ಕೂಡಿಸಿದರೆ ಹದಿಮೂರು ಆಗುತ್ತಿತ್ತು. ಹನ್ನೆರಡು ದಾಟಿದರೆ ಅದು ಯಾರಿಗೂ ಸೇರದ ಸಮುದ್ರ, ಅಲ್ಲಿ ಸುಂಕದವರಿಗೆ ಕೈ ಹಾಕುವ ಹಕ್ಕಿಲ್ಲ ಎಂದು ವಾದಿಸಬಹುದಿತ್ತು. ಹಿರಿಯರಿಗೆ ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಅಷ್ಟು ವರ್ಷ ಯಾರಿಗೂ ಬೇಡವಾಗಿದ್ದ ನನ್ನ ಸಮುದ್ರದ ಪಾಠ ಕೊನೆಗೂ ಉಪಯೋಗಕ್ಕೆ ಬಂದಿತ್ತು.

ಅವರು ಕವಳ ಉಗಿದು ಬಂದು ನಿಧಾನಕ್ಕೆ ಕೇಳಿದರು. "ನೇತ್ರಾಣಿಗೂ ಸಮುದ್ರ ಇದ್ದಾ ತಮಾ?"

ನಾನು ಕಾಗದ ಕೆಳಗಿಟ್ಟೆ. "ಇದ್ದು" ಎಂದೆ.

"ಮಚವೆ ಅಲ್ಲಿಂದ ಎಷ್ಟು ದೂರ?"

"ಮೂರು ಮೈಲು."

ದಡದಿಂದ ಅಳೆದರೆ ತಾಂಡೇಲ ಯಾರ ಸಮುದ್ರದಲ್ಲೂ ಇರಲಿಲ್ಲ. ನೇತ್ರಾಣಿಯಿಂದ ಅಳೆದರೆ ದೇಶದ ಒಡಲಿನೊಳಗೇ ಇದ್ದ. ಆದರೆ ಸುಂಕದವರ ಕಾಗದದಲ್ಲಿ ನೇತ್ರಾಣಿ ಎಂಬ ಹೆಸರೇ ಇರಲಿಲ್ಲ. ಲಾಂಚಿನ ಅಧಿಕಾರಿ ದೂರದ ಊರಿನವರು, ದೀಪಸ್ತಂಭ ಬಿಟ್ಟು ಬೇರೆ ಗುರುತು ಅವರಿಗೆ ಬೇಕಾಗಿರಲಿಲ್ಲ. ಗಂಟು ಯಾರದೆಂದು ಕೇಳಿದ್ದರೇ ಹೊರತು, ಎಲ್ಲಿ ಹೋಗಿದ್ದೆ ಎಂದು ತಾಂಡೇಲನನ್ನು ಕೇಳಿರಲಿಲ್ಲ. ಅವನು ನೆಲದಿಂದ ದೂರ ಹೊಂಚುಹಾಕುತ್ತಿದ್ದ ಎಂದು ತೋರಿಸುವುದು ಅವರಿಗೆ ಬೇಕಿತ್ತು. ಅವನು ನೆಲದಿಂದ ದೂರ ಇದ್ದ ಎಂಬುದೇ ನಮಗೂ ಬೇಕಿತ್ತು. ಎರಡು ಕಡೆಯವರೂ ಒಂದೇ ಮಾತು ಹೇಳುವ ಕೇಸನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹಂಗಾರೆ ಆ ಹೆಸರು ಯಾರ ಬಾಯಲ್ಲೂ ಬಪ್ಪಲಾಗ, ಬರಕೂಡದು," ಎಂದರು ಹಿರಿಯರು.

ತಾಂಡೇಲನನ್ನು ಮುಂದೆ ಕೂರಿಸಿ ನಾನು ವಿವರಿಸಿದೆ. ಸುಳ್ಳು ಹೇಳಬೇಕಾಗಿಲ್ಲ. ಆರೋಪಿಗೆ ಸುಮ್ಮನಿರುವ ಹಕ್ಕು ಇದೆ. ಕೊನೆಯಲ್ಲಿ ನ್ಯಾಯಾಧೀಶರು ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತಾರೆ, ಏನೂ ಇಲ್ಲ ಎಂದರೆ ಮುಗಿಯಿತು. ಅಲ್ಲಿಗೆ ಯಾಕೆ ಹೋಗಿದ್ದೆ ಎಂದರೂ ಬಾಯಿ ಬಿಡಬೇಡ. ಅವನು ನೆಲ ನೋಡುತ್ತ ಕೇಳಿಸಿಕೊಂಡ.

"ಅದು ಆಗುದಿಲ್ಲ ಒಡೆಯಾ," ಎಂದ.

"ಎಂತಕ್ಕೆ?"

ಉತ್ತರ ಹೇಳಿದವಳು ಹೆಂಡತಿ. "ನೇತ್ರಾಣಿಗೆ ಕೊಟ್ಟವ್ರು ಮುಚ್ಚಿಡೂಕಾಗ. ಮಳೆಗಾಲ ಬರೂ ತನಕ ಯಾರ್ ಕೇಳಿದ್ರೂ, ಎಲ್ಲಿ ಹೋಗಿದ್ದೆ ಅಂದ್ರೆ, ಕೊಟ್ಟು ಬಂದೆ ಅಂತ ಹೇಳ್ಬೇಕು. ಕೇಳಿದಾಗ ಸುಮ್ನಿದ್ರೆ ಕೊಟ್ಟಿದ್ದು ವಾಪಸ್ ಬಂದಂಗೆ. ಹರಕೆ ವಾಪಸ್ ಬಂದ್ರೆ ಇವ್ಳು?" ಎಂದು ಮಗುವಿನ ತಲೆಯ ಮೇಲೆ ಕೈ ಇಟ್ಟಳು.

ನನಗೆ ಸಿಟ್ಟು ಬಂತು. ಕೋರ್ಟಿನವರಿಗೂ ಈ ಕಟ್ಟಳೆಗೂ ಏನು ಸಂಬಂಧ ಎಂದೆ. ಜಟಗ ಕೋರ್ಟಿಗೆ ಬಂದು ಕೂರುತ್ತಾನೆಯೇ ಎಂದೆ. ಗಂಡ ಜೈಲಿಗೆ ಹೋದರೆ ಮಗುವಿಗೆ ಅನ್ನ ಹಾಕುವವರು ಯಾರು ಎಂದೂ ಕೇಳಿದೆ. ಅವಳು ನನ್ನನ್ನು ನೋಡಿದ ನೋಟ ಚೆನ್ನಾಗಿ ನೆನಪಿದೆ. ಅದರಲ್ಲಿ ಕೋಪ ಇರಲಿಲ್ಲ. ಮಕ್ಕಳನ್ನು ಹೂತು ಬಂದವಳಿಗೆ ಮದುವೆಯೂ ಆಗದ ಹುಡುಗ ಬುದ್ಧಿ ಹೇಳಿದರೆ ಅವಳು ಹೇಗೆ ನೋಡುತ್ತಾಳೋ ಹಾಗೆ ನೋಡಿದಳು.

ಹಿರಿಯರು ಮಾತ್ರ ಅವಳ ಮಾತಿನಲ್ಲಿ ಒಂದು ತುದಿಯನ್ನು ಹಿಡಿದರು. "ಮಳೆಗಾಲ ಬಂತು ಅಂತ ನೀವು ಲೆಕ್ಕ ಹಾಕೋದು ಯಾವಾಗ?"

"ಸೂರಿನ ನೀರು ಅಂಗಳ ದಾಟಿದ್ರೆ ಆತು. ಆಮೇಲೆ ಹೇಳ್ದೇ ಇದ್ರೂ ನಡೀತದೆ."

"ಒಂದೆರಡು ಹನಿ ಬಿದ್ರೆ?"

"ಅದೆಲ್ಲ ಮಳೆ ಅಲ್ಲ."

ಅವರು ನನ್ನ ಕಡೆ ತಿರುಗಿ, "ಮಳೆ ಬಂದ್ರೆ ಕೇಸು ಗೆದ್ದಂಗೇ ತಮಾ," ಎಂದರು.

ಆಮೇಲೆ ಶುರುವಾಯಿತು ನಮ್ಮ ಕೇಸು ಎಳೆಯುವ ಕೆಲಸ. ಬೇರೆ ಕಕ್ಷಿದಾರರು ತಮ್ಮ ಕೇಸು ಬೇಗ ಮುಗಿಯಲಿ ಎಂದು ಕಾಡುತ್ತಿದ್ದರು, ನಾವು ಇದೊಂದನ್ನು ಜೂನ್ ತಿಂಗಳಿಗೆ ಮುಟ್ಟಿಸಲು ಒದ್ದಾಡುತ್ತಿದ್ದೆವು. ಹಿರಿಯರಿಗೆ ಒಂದು ಸಲ ಸೊಂಟ ಹಿಡಿಯಿತು, ಒಂದು ಸಲ ಸೋದರಳಿಯನ ಉಪನಯನ ಬಂತು. ಒಂದು ಸಲ ನಿಜವಾಗಿಯೂ ಜ್ವರ ಬಂದಿತ್ತು, ಆಗ ನ್ಯಾಯಾಧೀಶರು ನಂಬಲಿಲ್ಲ. ಪ್ರತಿ ತಾರೀಖಿಗೂ ನಾನು ಬೆಳಗಿನ ಬಸ್ಸು ಹಿಡಿದು ಹೊನ್ನಾವರಕ್ಕೆ ಓಡಬೇಕು. ಅತ್ತ ಭಟ್ಕಳದಿಂದ ಆ ಇಬ್ಬರೂ ಮಗುವನ್ನು ಎತ್ತಿಕೊಂಡು ಬಸ್ಸಿಳಿದು, ತಾರಿಯ ದೋಣಿಯಲ್ಲಿ ಶರಾವತಿ ದಾಟಿ ಬರಬೇಕು. ಬಂದು ಇನ್ನೊಂದು ತಾರೀಖು ತೆಗೆದುಕೊಂಡು ಹೋಗಬೇಕು. ಅವಳು ಒಮ್ಮೆಯೂ ಗೊಣಗಲಿಲ್ಲ. ನಾನೇ ಕೋರ್ಟಿನ ಜಗಲಿಯ ಉದ್ದಕ್ಕೂ ನಡೆದೂ ನಡೆದೂ ಚಪ್ಪಲಿ ಹರಿದುಕೊಂಡೆ.

ಲಾಂಚಿನ ಅಧಿಕಾರಿಯ ಪಾಟೀಸವಾಲನ್ನು ಹಿರಿಯರು ಬಹಳ ನಾಜೂಕಾಗಿ ಮಾಡಿದರು. ಕೊನೆಗೆ ಅಧಿಕಾರಿ ಹದಿಮೂರು ಇರಬಹುದು ಎಂದು ಒಪ್ಪಿಕೊಂಡರು. ಹತ್ತಿರದಲ್ಲಿ ನೆಲ ಇತ್ತೇ ಎಂದು ಯಾರೂ ಕೇಳಲಿಲ್ಲ. ಸರ್ಕಾರಿ ವಕೀಲರೂ ಕೇಳಲಿಲ್ಲ. ಅಷ್ಟೂ ಹೊತ್ತು ನಾನು ಬೆಂಚಿನ ಅಂಚನ್ನು ಹಿಡಿದುಕೊಂಡು ಕೂತಿದ್ದೆ.

ಅಲ್ಲಿಗಾದರೂ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದೀಪಸ್ತಂಭ ನಿಂತದ್ದು ದಡದ ಗುಡ್ಡದ ಮೇಲೆ. ಕಾಯಿದೆ ಅಳೆಯುವುದು ಇಳಿತದ ಗೆರೆಯಿಂದ. ಆ ಗೆರೆ ದೀಪಸ್ತಂಭಕ್ಕಿಂತ ಎಷ್ಟು ಪಡುವಣಕ್ಕಿದೆಯೋ ಅಷ್ಟು ದೂರ ನಮ್ಮ ಹದಿಮೂರರಲ್ಲಿ ಕಡಿಮೆಯಾಗುತ್ತಿತ್ತು. ಇದು ಯಾರಿಗಾದರೂ ಹೊಳೆದರೆ? ಒಂದು ಹುಣ್ಣಿಮೆಯ ಮರುದಿನ ಭಟ್ಕಳಕ್ಕೆ ಹೋಗಿ, ನೀರು ಪೂರ್ತಿ ಇಳಿದ ಹೊತ್ತಿಗೆ ಪಂಚೆ ಎತ್ತಿ ಕಟ್ಟಿ ಒದ್ದೆ ಮರಳಿನಲ್ಲಿ ಕೊನೆಯ ತನಕ ನಡೆದೆ. ಬಲೆ ಒಣಗಿಸುತ್ತಿದ್ದ ಹೆಂಗಸರು ಕೊಂಕಣಿಯಲ್ಲಿ ಏನೋ ಹೇಳಿಕೊಂಡು ನಕ್ಕರು. ಅರ್ಧ ಮೈಲು ಕಡಿಮೆಯಾದರೂ ಹನ್ನೆರಡೂವರೆ ಉಳಿಯುತ್ತದೆ ಎಂದು ಲೆಕ್ಕ ಹಾಕಿ ತಲೆ ಎತ್ತಿದರೆ ಎದುರಿಗೆ ನೇತ್ರಾಣಿ. ಮೋಡವಿಲ್ಲದ ದಿನ, ಇಡೀ ಗುಡ್ಡ ಎದ್ದು ಕಾಣುತ್ತಿತ್ತು. ಇಷ್ಟು ದೊಡ್ಡದನ್ನು ಕೋರ್ಟಿನ ಕಣ್ಣಿಗೆ ಬೀಳದಂತೆ ಮುಚ್ಚಿಡಲು ನಾವು ಯಾರು ಅನ್ನಿಸಿತು. ಆ ಬೇಲಿ ಕಟ್ಟುವ ವಕೀಲನ ಧೈರ್ಯವೆಲ್ಲ ಅಲ್ಲಿಯೇ ಇಳಿದುಹೋಯಿತು.

ವಾಪಸು ಬರುವಾಗ ಅವರ ಮನೆಗೆ ಹೋದೆ. ಅವಳು ಬೆಲ್ಲದ ಚಾ ಮಾಡಿಕೊಟ್ಟಳು. ಮಗು ಗೋಡೆ ಬಿಟ್ಟು ಓಡುವಷ್ಟು ಬೆಳೆದಿತ್ತು. ಬಾಗಿಲಲ್ಲಿ ಆಡು ಕಟ್ಟುತ್ತಿದ್ದ ಗೂಟ ಹಾಗೇ ಇತ್ತು, ಮಗು ಅದನ್ನು ಹಿಡಿದು ಸುತ್ತು ಹೊಡೆಯುತ್ತಿತ್ತು. ತಾಂಡೇಲ ಕೆಲಸವಿಲ್ಲದೆ ಒಂದೇ ಹಗ್ಗವನ್ನು ಹೆಣೆದು ಬಿಚ್ಚಿ ಮತ್ತೆ ಹೆಣೆಯುತ್ತ ಕೂತಿದ್ದ. ಮಚವೆ ಸುಂಕದವರ ವಶದಲ್ಲಿತ್ತು.

"ಮಳೆ ಈ ಸಲ ಬೇಗ ಬತ್ತದಂತೆ," ಎಂದೆ, ಯಾರೂ ನನಗೆ ಹಾಗೆ ಹೇಳಿರಲಿಲ್ಲ.

"ಬರ್ಲಿ," ಎಂದ ಅವನು.

ಹೆಂಡತಿ ಮಗುವಿನ ಮೂಗು ಒರೆಸಿದಳು. ನನಗೆ ಅವಳ ಮೇಲೆ ಇದ್ದ ಅಸಮಾಧಾನ ಇನ್ನೂ ಗಟ್ಟಿಯಾಯಿತು. ಇವಳ ಒಂದು ಮಾತಿನಿಂದ ಇವನು ಸುಮ್ಮನಿರುತ್ತಾನೆ, ಆ ಮಾತು ಇವಳ ಬಾಯಿಂದ ಬರುವುದಿಲ್ಲ ಎಂದುಕೊಂಡೆ. ಗಂಡನಿಗಿಂತ ಹರಕೆ ಹೆಚ್ಚಾಯಿತು ಇವಳಿಗೆ ಎಂದೂ ಅಂದುಕೊಂಡೆ.

ಮೇ ತಿಂಗಳು ಕೊನೆಯಾಗುತ್ತ ಬಂತು. ಹಿರಿಯರು ಕಷ್ಟಪಟ್ಟು ಜೂನ್ ತಿಂಗಳ ಎರಡನೆಯ ವಾರಕ್ಕೆ ತಾರೀಖು ಪಡೆದಿದ್ದರು. ಯಾವ ವರ್ಷವಾದರೂ ಅಷ್ಟರೊಳಗೆ ನಮ್ಮ ಕಡೆ ಮಳೆ ಹಿಡಿದಿರುತ್ತದೆ. ಆ ವರ್ಷ ಹಿಡಿಯಲಿಲ್ಲ. ಮೋಡ ದಿನಾ ಬಂತು. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ ಗುಡುಗುಟ್ಟತೊಡಗಿತು. ದೋಣಿಗಳನ್ನೆಲ್ಲ ಮೇಲಕ್ಕೆ ಎಳೆದು ಸೋಗೆ ಹೊದೆಸಿದರು, ಮನೆಯ ಮುಂದೆ ಮಳೆಗೆ ತಟ್ಟಿ ಕಟ್ಟಿದರು, ಅಮ್ಮ ಹಪ್ಪಳದ ಡಬ್ಬ ಅಟ್ಟಕ್ಕೆ ಏರಿಸಿದಳು. ಮೈಮೇಲೆ ಬೆವರು ಆರದ ಆ ಧಗೆಯಲ್ಲಿ ನಾನು ಅಂಗಳಕ್ಕೂ ಮನೆಗೂ ಸುತ್ತುತ್ತಿದ್ದೆ. ಒಂದು ಸಂಜೆ ನಾಲ್ಕು ಹನಿ ಬಿತ್ತು. ಓಡಿ ಹೋಗಿ ಸೂರಿನ ಕೆಳಗೆ ನಿಂತು ನೋಡಿದೆ. ಅಂಗಳ ದಾಟುವುದಿರಲಿ, ಹೆಂಚು ಕೂಡ ಪೂರ್ತಿ ನೆನೆಯಲಿಲ್ಲ.

ತಾರೀಖಿನ ದಿನ ಬೆಳಿಗ್ಗೆ ಹೊನ್ನಾವರದಲ್ಲಿ ಗಾಳಿ ಎದ್ದಿತ್ತು. ಕೋರ್ಟಿನ ಮುಂದಿನ ಮಾವಿನ ಮರದ ಎಲೆಗಳೆಲ್ಲ ಅಡಿಮೇಲಾಗುತ್ತಿದ್ದವು. ಸಮುದ್ರದ ಕಡೆ ಆಕಾಶ ಕಪ್ಪಗೆ ಕವಿದಿತ್ತು. ಇನ್ನೇನು ಬಂತು ಎನ್ನುವ ಹಾಗೆ. ಹಿರಿಯರು ಎದ್ದು ಇನ್ನೊಂದು ತಾರೀಖು ಕೇಳಿದರು. ಈ ಸಲ ಕಾರಣ ಏನು ಹೇಳಿದರೋ ನೆನಪಿಲ್ಲ, ನ್ಯಾಯಾಧೀಶರು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ.

"ಸಾಕು ವಕೀಲರೇ. ಇವತ್ತು ಆರೋಪಿಯ ಹೇಳಿಕೆ ತೆಗೆದುಕೊಂಡೇ ಬಿಡೋಣ," ಎಂದರು.

ತಾಂಡೇಲ ಕಟಕಟೆಯಲ್ಲಿ ನಿಂತ. ಅವನ ಹೆಂಡತಿ ಬಾಗಿಲಾಚೆಯ ಜಗಲಿಯ ಮೆಟ್ಟಿಲ ಮೇಲೆ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅವಳ ಬೆನ್ನು ನಮ್ಮ ಕಡೆಗಿತ್ತು. ಗಂಡ ಒಮ್ಮೆ ಆ ಕಡೆ ನೋಡಿದ. ಅವಳು ತಿರುಗಲಿಲ್ಲ. ಎಂಥ ಗಟ್ಟಿ ಹೆಂಗಸು ಎಂದುಕೊಂಡೆ.

ಗಂಟು ನಿನ್ನದೋ ಎಂದರು. ಅಲ್ಲ ಎಂದ. ಯಾರದ್ದು ಎಂದರು. ಗೊತ್ತಿಲ್ಲ ಎಂದ. ಹೊರಗೆ ಗಾಳಿ ನಿಂತುಬಿಟ್ಟಿತು. ಗಾಳಿ ನಿಂತ ಮೇಲೆ ಮಳೆ ಬರುತ್ತದೆ ಎಂದು ನಾನು ಕಿಟಕಿಯನ್ನೇ ನೋಡುತ್ತಿದ್ದೆ.

"ಆ ದಿನ ಅಷ್ಟು ದೂರ ಸಮುದ್ರದಲ್ಲಿ ನಿನಗೇನು ಕೆಲಸ? ಎಲ್ಲಿಗೆ ಹೋಗಿದ್ದೆ?" ಎಂದರು ನ್ಯಾಯಾಧೀಶರು. ಆಮೇಲೆ ಕಾಯಿದೆಯಂತೆ, "ಇಷ್ಟವಿಲ್ಲದಿದ್ದರೆ ಉತ್ತರ ಹೇಳಬೇಕಾಗಿಲ್ಲ," ಎಂದೂ ಸೇರಿಸಿದರು.

ಅವನು ಸುಮ್ಮನೆ ನಿಂತ. ಹಿರಿಯರು ಕಣ್ಣು ಮುಚ್ಚಿದ್ದರು. ಹಾಗೇ ಇರು ಮಾರಾಯಾ, ಇನ್ನು ಸ್ವಲ್ಪ ಹೊತ್ತು ಹಾಗೇ ಇರು ಎಂದು ನಾನು ಮನಸ್ಸಿನಲ್ಲೇ ಅವನ ಕಾಲು ಹಿಡಿಯುತ್ತಿದ್ದೆ. ಅವನು ಮತ್ತೆ ಬಾಗಿಲ ಕಡೆ ನೋಡಿದ. ಆ ಬೆನ್ನು ಅಲುಗಲಿಲ್ಲ.

"ನೇತ್ರಾಣಿಗೆ ಹೋಗಿದ್ದೆ ಸ್ವಾಮಿ," ಎಂದ. "ಮಗಿನ ಹರಕೆ ಇತ್ತು. ಆಡು ಕೊಟ್ಟು ಬಂದೆ. ಅಲ್ಲಿಂದ ಹೊರಟು ಹಾಯಿ ಬಿಟ್ಟಿದ್ದೆ ಅಷ್ಟೇ, ಲಾಂಚು ಬಂತು."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ದ್ವೀಪ ಅಲ್ಲಿಂದ ಎಷ್ಟು ದೂರ ಎಂದು ಕೇಳಿದರು. ಹಾಯಿ ಬಿಟ್ಟು ಹೆಚ್ಚು ಹೊತ್ತು ಆಗಿರಲಿಲ್ಲ, ಗುಡ್ಡದ ಮರಗಳು ಕಾಣುತ್ತಿದ್ದವು ಎಂದ. ನಕ್ಷೆ ತರಿಸಿದರು. ಅದರಲ್ಲಿ ನೇತ್ರಾಣಿ ಒಂದು ಚುಕ್ಕೆಯಾಗಿತ್ತು. ಇಂಥ ದ್ವೀಪಕ್ಕೆ ತನ್ನದೇ ಸಮುದ್ರ ಇರುತ್ತದೆಯೇ ಎಂದು ಎರಡೂ ಕಡೆಯವರನ್ನು ಕೇಳಿದರು. ಸರ್ಕಾರಿ ವಕೀಲರು ಸಮಯ ಕೇಳಿದರು. ನಮ್ಮ ಹಿರಿಯರು ನನ್ನ ಕಡೆ ಕೈ ಚಾಚಿದರು. ಕಾಲೇಜಿನಿಂದ ತಂದ ನನ್ನ ಹಳೆಯ ಪುಸ್ತಕವನ್ನು ಕೊಟ್ಟೆ. ಅವರು ಆ ಪುಟ ತೆಗೆದು, ಎದ್ದು, "ಇರ್ತದೆ ಸ್ವಾಮಿ. ಉಬ್ಬರದಲ್ಲಿ ಮುಳುಗದ ನೆಲ ಅದು," ಎಂದು ಪುಸ್ತಕವನ್ನು ನ್ಯಾಯಾಧೀಶರ ಮುಂದಿಟ್ಟರು. ಕೂತ ಮೇಲೆ ನನ್ನ ಕಿವಿಯ ಹತ್ತಿರ, "ಹೆಸರು ಬಂದ್ಮೇಲೆ ಕಾಯ್ದೆ ಮುಚ್ಚಿಡಲೆ ಬತ್ತಿಲ್ಲೆ ತಮಾ," ಎಂದರು. ಅವರ ಮೇಲೂ ನನಗೆ ಸಿಟ್ಟು ಬಂತು. ಆ ಸಿಟ್ಟು ಇಳಿಯಲು ಬಹಳ ವರ್ಷ ಬೇಕಾಯಿತು.

ಮಳೆ ಆ ದಿನ ಬರಲಿಲ್ಲ. ಮಧ್ಯಾಹ್ನ ಮೋಡ ಚದುರಿ ಬಿಸಿಲು ಕೂಡ ಬಿತ್ತು. ಅದೇ ವಾರದ ಕೊನೆಗೆ ಒಂದು ಬೆಳಿಗ್ಗೆ ಹಿಡಿದ ಮಳೆ ಹಗಲೂ ರಾತ್ರಿ ಬಿಡದೆ ಸುರಿಯಿತು. ನಮ್ಮ ಅಂಗಳದಲ್ಲಿ ಸೂರಿನ ನೀರು ಗಟಾರ ತುಂಬಿ ರಸ್ತೆಗೆ ಹರಿಯಿತು. ನಾನು ಜಗಲಿಯಲ್ಲಿ ನಿಂತು ಅದನ್ನು ಬೈದೆ. ಒಳಗಿನಿಂದ ಅಮ್ಮ, ಯಾರನ್ನ ಬೈತಾ ಇದ್ದೆ ಎಂದು ಕೇಳಿದಳು.

ತೀರ್ಪು ಬಂತು. ಮಚವೆ ಸರ್ಕಾರಕ್ಕೆ, ತಾಂಡೇಲ ಕಾರವಾರದ ಜೈಲಿಗೆ. ದ್ವೀಪದ ಸುತ್ತಿನ ಸಮುದ್ರವೂ ದೇಶದ್ದೇ ಎಂದು ನ್ಯಾಯಾಧೀಶರು ಬಹಳ ಸ್ಪಷ್ಟವಾಗಿ ಬರೆದಿದ್ದರು. ಓದಿದರೆ ನನ್ನ ಮೇಷ್ಟರು ಸಂತೋಷಪಡುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ನಮ್ಮ ದೇಶದ ಸಮುದ್ರವೇ ಆರರಿಂದ ಹನ್ನೆರಡು ಮೈಲಿಗೆ ಹಿಗ್ಗಿತು. ಪತ್ರಿಕೆಯಲ್ಲಿ ಅದು ಸಣ್ಣ ಸುದ್ದಿ. ಈ ಸಲ ಓದಿ ನಗಲಿಲ್ಲ.

ಅಪೀಲು ಮಾಡುವುದಿದ್ದರೆ ಕಾಗದ ತಯಾರಿಸೋಣ ಎಂದು ಹಿರಿಯರು ಅವಳಿಗೆ ಹೇಳಿ ಕಳಿಸಿದ್ದರು. ಆಷಾಢದ ಜಡಿಮಳೆಯಲ್ಲಿ, ಎಲೆ ಹೆಣೆದ ಗೊರಬೆ ಹೊದ್ದುಕೊಂಡು, ಮಗುವನ್ನು ಅದರೊಳಗೆ ಮುಚ್ಚಿಕೊಂಡು ಅವಳು ಕುಮಟೆಗೆ ಬಂದಳು. ಹಿರಿಯರು ಊಟಕ್ಕೆ ಹೋಗಿದ್ದರು. ಕಚೇರಿಯಲ್ಲಿ ನಾನೊಬ್ಬನೇ ಇದ್ದೆ. ಮಗುವನ್ನು ಇಳಿಸಿದಳು. ಅದು ಸೀದಾ ಜಗಲಿಯ ಅಂಚಿಗೆ ಓಡಿ ಸೂರಿನ ನೀರಿಗೆ ಕೈ ಒಡ್ಡಿತು.

ನಾನು ಹೇಳಬಾರದು ಎಂದುಕೊಂಡಿದ್ದೆ, ಹೇಳಿಬಿಟ್ಟೆ. "ಅವತ್ತು ನೀವು ಒಂದು ಸಲ ಈ ಕಡೆ ತಿರುಗಿ ಬೇಡ ಅಂತ ತಲೆ ಅಲ್ಲಾಡಿಸಿದ್ರೆ ಅವ ಸುಮ್ನಿರ್ತಿದ್ದ. ಎರಡು ಸಲ ನಿಮ್ಮನ್ನೇ ನೋಡಿದ. ಬೆನ್ನು ಹಾಕಿ ಕೂತ್ರಿ."

ಅವಳು ಗೊರಬೆಯನ್ನು ಬಾಗಿಲಿಗೆ ಒರಗಿಸಿ ನಿಧಾನವಾಗಿ ಸೆರಗಿನ ನೀರು ಹಿಂಡಿದಳು.

"ನೋಡಿದ್ರಾ ಅವ್ರು?" ಎಂದಳು. "ನಂಗೆ ಗೊತ್ತಿಲ್ಲ ಒಡೆಯಾ. ನಾ ಕೋರ್ಟಿನ ಸೂರನ್ನೇ ನೋಡ್ತಾ ಕೂತಿದ್ದೆ. ಒಂದ್ ಧಾರೆ ನೀರು ಇಳ್ದು ಆ ಅಂಗಳ ದಾಟಿದ್ರೆ ಒಳಗೆ ಓಡಿ ಬರ್ತಿದ್ದೆ, ಇನ್ನು ಹೇಳೂದು ಬ್ಯಾಡ, ಸುಮ್ನಿರಿ ಅನ್ನೂಕೆ. ಬೆಳಿಗ್ಗಿಂದ ಅದ್ನೇ ಕಾಯ್ತಿದ್ದೆ."

ಎಷ್ಟು ದಿನಕ್ಕೆ ಬಿಡುತ್ತಾರೆ, ನೋಡಲು ಹೋದರೆ ಒಳಗೆ ಬಿಡುತ್ತಾರೋ ಎಂದು ಆಮೇಲೆ ಕೇಳಿದಳು. ತಿಳಿದದ್ದು ಹೇಳಿದೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಮಗುವಿನ ಕೈ ಒರೆಸಿ, ಗೊರಬೆ ಹೊದ್ದು ಅವಳು ಬಸ್ಸಿನ ಕಡೆ ಹೋದಳು. ನಾನು ಹಿರಿಯರು ಬರುವ ತನಕ ಕೂತ ಕುರ್ಚಿಯಿಂದ ಏಳಲಿಲ್ಲ.